ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ: ಸೀಹಾಕ್ಸ್ ಅಭಿಮಾನಿ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಸಿಯಾಟಲ್, ರೆಡ್ಮಂಡ್, ಬೆಲ್‌ವ್ಯೂ ಸುತ್ತಮುತ್ತಲಿನ ಸೀಹಾಕ್ಸ್ ಅಭಿಮಾನಿ ಕನ್ನಡಿಗರು, ಹಾಗೂ ಸೋಮವಾರ ನಸುಕಿನಲ್ಲಿ ಅಲಾರಂ ಇಟ್ಟು ಎದ್ದು ಪಂದ್ಯ ನೋಡುವ ಬೆಂಗಳೂರಿನ ಸ್ನೇಹಿತರು

ವಿಷಯ: ಸೋಲಿನ ಹೊಣೆಯಲ್ಲಿ ಅಫೆನ್ಸಿವ್ ಕೋಆರ್ಡಿನೇಟರ್‌ನ ಪಾಲು ಎಷ್ಟು ಎಂಬ ಬಗ್ಗೆ

ಮಾನ್ಯರೇ,

ಅಮೆರಿಕನ್ ಫುಟ್‌ಬಾಲ್‌ನ ನಮ್ಮ ಸಿಯಾಟಲ್ ತಂಡ ಸೀಹಾಕ್ಸ್ ಸೋತ ಮರುಗಳಿಗೆಯಲ್ಲೇ ನಮ್ಮವರ ಬಾಯಲ್ಲಿ ಬರುವ ಮಾತು ಒಂದೇ: ಓಸಿಯನ್ನು (ಅಫೆನ್ಸಿವ್ ಕೋಆರ್ಡಿನೇಟರ್, ಅಂದರೆ ಚೆಂಡು ನಮ್ಮ ಕಡೆ ಇದ್ದಾಗ ಪ್ರತಿ ಸಲ ಏನು ಆಡಬೇಕೆಂದು ಹೇಳುವ, ‘ಆಟ ಕರೆಯುವ’ ಕೋಚ್) ಕಿತ್ತುಹಾಕಿ. ಎದುರಾಳಿಯನ್ನು ತಡೆಯಲಾಗದೆ ಹೋದವನು ಮುಂಸಾಲಿನ ಲೈನ್‌ಮನ್ ಆಗಿರಲಿ, ಚೆಂಡು ಕೈಬಿಟ್ಟವನು ರಿಸೀವರ್ ಆಗಿರಲಿ, ಎದುರಾಳಿಗೆ ನಾಲ್ಕನೇ ಕ್ವಾರ್ಟರಿನಲ್ಲಿ ಎರಡು ಟಚ್‌ಡೌನ್ (ಚೆಂಡನ್ನು ಗೋಲ್ ಗೆರೆ ದಾಟಿಸಿ ಗಳಿಸುವ ಅಂಕ) ಬಿಟ್ಟುಕೊಟ್ಟದ್ದು ಡಿಫೆನ್ಸ್ ಆಗಿರಲಿ, ಬರೆ ಮಾತ್ರ ಆಟ ಕರೆಯುವವನ ಬೆನ್ನಿಗೆ. ನಮ್ಮ ತಂಡವೂ ಹಾಗೇ ನಡೆದುಕೊಂಡಿದೆ. ನಮ್ಮ ಓಸಿಗಳಲ್ಲಿ 2018ರ ಜನವರಿಯಲ್ಲಿ ಡ್ಯಾರೆಲ್ ಬೆವೆಲ್ ಹೋದರು, 2021ರ ಜನವರಿಯಲ್ಲಿ ಬ್ರಯಾನ್ ಶಾಟನ್‌ಹೈಮರ್ ಹೋದರು, ರಯಾನ್ ಗ್ರಬ್ ಅವರಿಗಂತೂ 2024ರ ಒಂದೇ ಸೀಸನ್ ಸಿಕ್ಕಿತು. ಇವರಲ್ಲಿ ಯಾರೂ ತಪ್ಪೇ ಮಾಡಿಲ್ಲ ಎಂದು ವಾದಿಸಲು ಈ ಪತ್ರ ಬರೆಯುತ್ತಿಲ್ಲ. ತಪ್ಪನ್ನು ಅಳೆಯುವ ಕ್ರಮವೇ ನಮ್ಮಲ್ಲಿ ಇಲ್ಲ ಎಂಬುದು ನನ್ನ ದೂರು. ಇನ್ನೂ ಬೇಸರದ ಸಂಗತಿ ಎಂದರೆ, ನಾವು ಅತಿ ಹೆಚ್ಚು ಸಲ ಎತ್ತಿ ಆಡುವ ತಪ್ಪನ್ನೇ ಅತಿ ಕೆಟ್ಟದಾಗಿ ಅಳೆದಿದ್ದೇವೆ.

ಮೊದಲು ಆ ಕೆಲಸ ಏನು ಎಂಬುದನ್ನು ನೋಡೋಣ. ಕ್ರಿಕೆಟ್ ನೋಡಿ ಬೆಳೆದ ನಮಗೆ ಮೈದಾನದೊಳಗಿನ ನಾಯಕನೇ ತೀರ್ಮಾನ ಮಾಡುವುದು ಅಭ್ಯಾಸ. ಇಲ್ಲಿ ಪ್ರತಿಯೊಂದು ಆಟವನ್ನೂ ಹೊರಗಿನವರು ಕರೆಯುತ್ತಾರೆ. ಹಿಂದಿನ ಆಟ ಮುಗಿದ ಕೂಡಲೇ ಪ್ಲೇ ಕ್ಲಾಕ್ 40 ಸೆಕೆಂಡಿನಿಂದ ಇಳಿಯಲು ಶುರುವಾಗುತ್ತದೆ. ಅದು 15ಕ್ಕೆ ಬಂದಾಗ ಚೆಂಡು ಪಡೆದು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗಿನ ರೇಡಿಯೋ ತಾನಾಗಿ ಬಂದ್ ಆಗುತ್ತದೆ. ಅಂದರೆ ಓಸಿಗೆ ಸಿಗುವುದು 25 ಸೆಕೆಂಡು. ಅಷ್ಟರಲ್ಲಿ ಎಷ್ಟು ಯಾರ್ಡ್ ಸಿಕ್ಕಿತು ಎಂದು ನೋಡಬೇಕು, ಯಾವ ಹನ್ನೊಂದು ಜನ ಒಳಗೆ ಹೋಗಬೇಕು ಎಂದು ಕೂಗಬೇಕು, ಎದುರಾಳಿ ಯಾರನ್ನು ಕಳಿಸುತ್ತಿದ್ದಾನೆ ಎಂಬುದರ ಮೇಲೊಂದು ಕಣ್ಣಿಡಬೇಕು, ಕೈಯಲ್ಲಿರುವ ಶೀಟಿನಿಂದ ಆಟ ಆರಿಸಿ ಫಾರ್ಮೇಶನ್, ಮೋಶನ್, ಪ್ರೊಟೆಕ್ಷನ್, ರೂಟ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಬೇಕು. ರೇಡಿಯೋ ನಿಂತ ಮೇಲೆ ಮುಂದಿನದೆಲ್ಲ ಕ್ವಾರ್ಟರ್‌ಬ್ಯಾಕ್ ಪಾಲು. ಎದುರಿನ ಡಿಫೆನ್ಸ್ ಬೇರೆ ರೀತಿ ನಿಂತಿದ್ದರೆ ಸಾಲಿಗೆ ಬಂದು ಆಟ ಬದಲಿಸುವುದು ಅವನ ಕೆಲಸ.

ಇದು ಭಾನುವಾರದ ಕೆಲಸ. ಶೀಟು ತಯಾರಾಗುವುದು ವಾರವಿಡೀ. ಬುಧವಾರ ಸಾಮಾನ್ಯ ಆಟಗಳು, ಗುರುವಾರ ಥರ್ಡ್ ಡೌನ್ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ, ಅಂದರೆ ಡೌನ್‌ಗಳಲ್ಲಿ, ಮೂರನೆಯದು), ಶುಕ್ರವಾರ ರೆಡ್ ಝೋನ್ ಮತ್ತು ಗೋಲ್ ಲೈನ್ (ಗೋಲ್ ಗೆರೆಗೆ ಹತ್ತಿರದ ಆಟಗಳು), ಬಹುತೇಕ ತಂಡಗಳ ವಾರ ಹೀಗೇ ಸಾಗುತ್ತದೆ. ಇದರ ಮೇಲೆ ಹೆಡ್ ಕೋಚ್ ಇದ್ದಾರೆ. ಅವರ ಕಿವಿಯಲ್ಲೂ ಅದೇ ಹೆಡ್‌ಸೆಟ್, ಬೇಡ ಎನ್ನುವ ಅಧಿಕಾರ ಪ್ರತಿ ಆಟಕ್ಕೂ ಅವರಿಗಿದೆ. ಟೈಮ್‌ಔಟ್ ಎಷ್ಟು, ಯಾವಾಗ ಎಂಬುದೂ ಕೊನೆಗೆ ಅವರದೇ ಹೊಣೆ. ಆಟಗಾರರನ್ನು ತರುವುದು, ಮಾರುವುದು ಜನರಲ್ ಮ್ಯಾನೇಜರ್ ಕೆಲಸ. ಲೈನ್ ತಿದ್ದುವುದಕ್ಕೆ ಪ್ರತ್ಯೇಕ ಕೋಚ್ ಇರುತ್ತಾರೆ. ಕೆಲವು ತಂಡಗಳಲ್ಲಂತೂ ಓಸಿ ಎಂಬ ಹುದ್ದೆ ಇದ್ದರೂ ಪಂದ್ಯದ ದಿನ ಆಟ ಕರೆಯುವವರೇ ಬೇರೆ. ರ‍್ಯಾಮ್ಸ್‌ನಲ್ಲಿ ಶಾನ್ ಮೆಕ್‌ವೇ, ಫಾರ್ಟಿನೈನರ್ಸ್‌ನಲ್ಲಿ ಕೈಲ್ ಶಾನಹನ್ ಹೆಡ್ ಕೋಚ್ ಆಗಿಯೂ ತಾವೇ ಕರೆದವರು. ಅಂಥ ಕಡೆ ಓಸಿಯನ್ನು ಬಯ್ಯುವವರು ಯಾರನ್ನು ಬಯ್ಯುತ್ತಿದ್ದಾರೆ ಎಂಬುದು ಅವರಿಗೂ ಗೊತ್ತಿರುವುದಿಲ್ಲ.

ಈಗ ನಾವು ಅತಿ ಹೆಚ್ಚು ಎತ್ತಿ ಆಡುವ ಆ ಆಟಕ್ಕೆ ಬರೋಣ. 2015ರ ಫೆಬ್ರವರಿ 1, ಅರಿಝೋನಾದ ಗ್ಲೆಂಡೇಲ್, ಲೀಗಿನ ಫೈನಲ್ ಆದ 49ನೇ ಸೂಪರ್ ಬೌಲ್. ಎದುರಾಳಿ ಪೇಟ್ರಿಯಟ್ಸ್ 28, ನಾವು 24, ನಮ್ಮ ಆಟ ಕರೆಯುತ್ತಿದ್ದವರು ಬೆವೆಲ್. ನಮ್ಮ ರಿಸೀವರ್ ಜರ್ಮೇನ್ ಕೀರ್ಸ್ ಬೆನ್ನಡಿ ಬಿದ್ದು, ಕಾಲಿಗೆ ಕೈಗೆ ಬಡಿದು ಪುಟಿಯುತ್ತಿದ್ದ ಚೆಂಡನ್ನು ಹಿಡಿದದ್ದರಿಂದ ನಾವು ಅವರ ಗೋಲಿಗೆ ಐದೇ ಯಾರ್ಡ್ ದೂರದ 5 ಯಾರ್ಡ್ ಗೆರೆಗೆ ಬಂದಿದ್ದೆವು. ಅಲ್ಲೊಂದು ಟೈಮ್‌ಔಟ್ ಖರ್ಚಾಗಿ ಒಂದೇ ಒಂದು ಉಳಿಯಿತು. ಫಸ್ಟ್ ಡೌನ್‌ನಲ್ಲಿ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವ) ಮಾರ್ಶಾನ್ ಲಿಂಚ್ ಕೈಗೆ ಚೆಂಡು. ಭುಜಕ್ಕೆ ಪೆಟ್ಟಾಗಿದ್ದ ಪೇಟ್ರಿಯಟ್ಸ್‌ನ ಡಾಂಟಾ ಹೈಟವರ್ ಅವನನ್ನು 1 ಯಾರ್ಡ್ ಗೆರೆಯ ಹತ್ತಿರ ಕೆಡವಿದ. ಗಡಿಯಾರ ಓಡುತ್ತಲೇ ಇತ್ತು. ಅವರ ಹೆಡ್ ಕೋಚ್ ಬಿಲ್ ಬೆಲಿಚಿಕ್ ಟೈಮ್‌ಔಟ್ ಕೇಳಲಿಲ್ಲ, ನಾವೂ ಕೇಳಲಿಲ್ಲ. ಮೂವತ್ತು ಚಿಲ್ಲರೆ ಸೆಕೆಂಡು ಹಾಗೇ ಕರಗಿ, 26 ಸೆಕೆಂಡು ಉಳಿದಿದ್ದಾಗ ಸ್ನ್ಯಾಪ್ ಆಯಿತು, ಅಂದರೆ ಚೆಂಡು ಹಿಂದಕ್ಕೆ ಬಂದು ಆಟ ಶುರುವಾಯಿತು. ನಮ್ಮ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಎಸೆದ ಸ್ಲ್ಯಾಂಟ್ ಪಾಸನ್ನು ಮಾಲ್ಕಮ್ ಬಟ್ಲರ್ ಎಂಬ, ಡ್ರಾಫ್ಟಿನಲ್ಲಿ (ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಸರದಿ) ಯಾರೂ ಆರಿಸದ ಹೊಸ ಹುಡುಗ ಕಸಿದುಕೊಂಡ. ಗಡಿಯಾರದಲ್ಲಿ 20 ಸೆಕೆಂಡು.

ಅಂದಿನಿಂದ ಇಂದಿನವರೆಗೂ ನಮ್ಮ ವಾದ ಒಂದೇ ಸಾಲು: ಲಿಂಚ್‌ಗೆ ಕೊಡಬೇಕಿತ್ತು. ಈ ಸಾಲು ಕೇಳಲು ಸರಿ, ಲೆಕ್ಕಕ್ಕೆ ಸಾಲದು.

ಲೆಕ್ಕ ಹೀಗಿದೆ. ಇದ್ದದ್ದು 26 ಸೆಕೆಂಡು, ಒಂದು ಟೈಮ್‌ಔಟ್, ಮೂರು ಡೌನ್. ಓಟ ನಿಂತರೆ ಗಡಿಯಾರ ಓಡುತ್ತದೆ, ಪಾಸ್ ಕೈಗೆ ಸಿಗದೆ ನೆಲಕ್ಕೆ ಬಿದ್ದರೆ ನಿಲ್ಲುತ್ತದೆ. ಸೆಕೆಂಡ್ ಡೌನ್‌ನಲ್ಲಿ ಲಿಂಚ್ ಓಡಿ ನಿಂತುಹೋದ ಎಂದುಕೊಳ್ಳಿ. ಟೈಮ್‌ಔಟ್ ತೆಗೆದುಕೊಂಡರೆ ಉಳಿಯುವುದು ಸುಮಾರು 20 ಸೆಕೆಂಡು. ಥರ್ಡ್ ಡೌನ್‌ನಲ್ಲೂ ಓಡಿ ನಿಂತರೆ, ಒಬ್ಬರ ಮೇಲೊಬ್ಬರು ಬಿದ್ದ ಆ ರಾಶಿಯಿಂದ ಎದ್ದು, ಮತ್ತೆ ಸಾಲಾಗಿ ನಿಂತು, ಟೈಮ್‌ಔಟ್ ಇಲ್ಲದೆ ನಾಲ್ಕನೆಯದನ್ನು ಆಡಬೇಕು. ಎದುರಾಳಿಗಳು ಮೇಲೆ ಬಿದ್ದವರು ಬೇಗ ಏಳುತ್ತಾರೆಯೇ? ಹಾಗಾಗಿ ಮೂರೂ ಡೌನ್ ನೆಮ್ಮದಿಯಾಗಿ ಬಳಸಬೇಕಾದರೆ ಸೆಕೆಂಡ್ ಅಥವಾ ಥರ್ಡ್ ಡೌನ್, ಎರಡರಲ್ಲಿ ಒಂದು ಪಾಸ್ ಆಗಲೇಬೇಕಿತ್ತು. ಥರ್ಡ್ ಡೌನ್‌ಗೆ ಇಟ್ಟುಕೊಂಡರೆ, ಟೈಮ್‌ಔಟ್ ಮುಗಿದ ಮೇಲೆ ಪಾಸೇ ಬರುತ್ತದೆ ಎಂದು ಎದುರಾಳಿಗೆ ಖಚಿತ. ಸೆಕೆಂಡ್ ಡೌನ್‌ನಲ್ಲಿ ಓಟವೋ ಪಾಸೋ ಎಂಬ ಅನುಮಾನ ಅವರಲ್ಲಿ ಉಳಿದಿರುತ್ತದೆ. ಲಿಂಚ್‌ಗೆ ಎರಡು ಸಲ ಚೆಂಡು ಕೊಡಬೇಕು ಎಂದುಕೊಂಡವರು ಸೆಕೆಂಡ್ ಡೌನ್‌ನಲ್ಲಿ ಪಾಸ್ ಕರೆಯುವುದರಲ್ಲಿ ಹುಚ್ಚೇನೂ ಇಲ್ಲ.

ಆಳುಗಳ ಲೆಕ್ಕವನ್ನೂ ನೋಡಿ. ನಾವು ಕಳಿಸಿದ್ದು ಮೂವರು ರಿಸೀವರ್, ಒಬ್ಬ ಟೈಟ್ ಎಂಡ್ (ತಡೆಯುವುದೂ ಹಿಡಿಯುವುದೂ ಮಾಡುವವ), ಒಬ್ಬ ರನ್ನಿಂಗ್ ಬ್ಯಾಕ್. ಅವರು ಅದಕ್ಕೆ ಉತ್ತರವಾಗಿ ಗೋಲ್ ಲೈನಿನ ದಾಂಡಿಗರನ್ನೂ ಅವರ ಹಿಂದೆ ರಿಸೀವರ್‌ಗಳನ್ನು ಕಾಯುವ ಮೂವರು ಕಾರ್ನರ್‌ಬ್ಯಾಕ್‌ಗಳನ್ನೂ ಕಳಿಸಿದರು. ಮುಂದೆ ಎಂಟು ಜನ, ತಡೆಯಲು ನಮ್ಮವರು ಆರು. ಆ ಸೀಸನ್ನಿನಲ್ಲಿ 1 ಯಾರ್ಡಿನಿಂದ ಲಿಂಚ್ ಐದು ಸಲ ಓಡಿ ದಾಟಿದ್ದು ಒಂದೇ ಸಲ. ಅದೇ ಪಂದ್ಯದ ಮೂರನೇ ಕ್ವಾರ್ಟರಿನಲ್ಲಿ ಗೋಲ್ ಹತ್ತಿರ ಥರ್ಡ್ ಡೌನ್, 1 ಯಾರ್ಡ್ ಬೇಕಿದ್ದಾಗ ರಾಬ್ ನಿಂಕೊವಿಚ್ ಅವನನ್ನು ಅಲ್ಲೇ ನಿಲ್ಲಿಸಿದ್ದ, ನಾವು ಫೀಲ್ಡ್ ಗೋಲಿಗೆ (ಚೆಂಡು ಒದ್ದು ಗಳಿಸುವ ಮೂರು ಅಂಕ) ತೃಪ್ತಿಪಟ್ಟಿದ್ದೆವು. ಇನ್ನೊಂದು ಕಡೆ, ಆ ಸೀಸನ್ನಿನಲ್ಲಿ ಇಡೀ ಲೀಗು 1 ಯಾರ್ಡಿನಿಂದ ಎಸೆದ ನೂರಕ್ಕೂ ಹೆಚ್ಚು ಪಾಸುಗಳಲ್ಲಿ ಅದುವರೆಗೆ ಒಂದೂ ಇಂಟರ್‌ಸೆಪ್ಟ್ ಆಗಿರಲಿಲ್ಲ, ಅಂದರೆ ಎದುರಾಳಿಯ ಕೈಗೆ ಸಿಕ್ಕಿರಲಿಲ್ಲ. ಬಟ್ಲರ್ ಹಿಡಿದದ್ದೇ ಮೊದಲನೆಯದು.

ಹಾಗಾದರೆ ಬೆವೆಲ್ ತಪ್ಪೇ ಇಲ್ಲವೇ? ಇದೆ. ಆದರೆ ಅದು ಇರುವುದು ಬೇರೆ ಜಾಗದಲ್ಲಿ, ಮತ್ತು ಅಲ್ಲಿ ನೀವು ಅವರನ್ನು ಹಿಡಿಯುವುದೇ ಇಲ್ಲ.

ಪಾಸ್ ಕರೆದದ್ದಕ್ಕಲ್ಲ, ಯಾವ ಪಾಸ್ ಕರೆದರು ಎಂಬುದಕ್ಕೆ ಅವರನ್ನು ಕೇಳಬೇಕು. ಡೌನ್ ಉಳಿಸಿಕೊಳ್ಳುವುದೇ ಉದ್ದೇಶವಾಗಿದ್ದರೆ, ಸಿಗದಿದ್ದರೆ ಹೊರಗೆಸೆಯಬಲ್ಲಂಥ ಪಾಸ್ ಬೇಕಿತ್ತು. ವಿಲ್ಸನ್‌ನನ್ನು ಒಂದು ಪಕ್ಕಕ್ಕೆ ಓಡಿಸಿದ್ದರೆ ಅವನೇ ನುಗ್ಗಬಹುದಿತ್ತು, ಎಸೆಯಬಹುದಿತ್ತು, ಎರಡೂ ಆಗದಿದ್ದರೆ ಪ್ರೇಕ್ಷಕರ ಕಡೆ ಬಿಸಾಡಬಹುದಿತ್ತು. ಮೂಲೆಗೆ ಎತ್ತರಕ್ಕೆ ಎಸೆಯುವ ಫೇಡ್ ಇತ್ತು. ಅಂದು 109 ಯಾರ್ಡ್ ಹಿಡಿದಿದ್ದ ಆರಡಿ ಐದಂಗುಲದ ಕ್ರಿಸ್ ಮ್ಯಾಥ್ಯೂಸ್ ಇದ್ದ. ಇದೆಲ್ಲ ಬಿಟ್ಟು ಆರಿಸಿದ್ದು ಜನ ಕಿಕ್ಕಿರಿದ ಕಡೆಗೇ ಒಳಕ್ಕೆ ಕತ್ತರಿಸುವ ಸ್ಲ್ಯಾಂಟ್. ಅದೂ ಇಡೀ ಸೀಸನ್ನಿನಲ್ಲಿ 11 ಕ್ಯಾಚ್ ಹಿಡಿದಿದ್ದ ರಿಕಾರ್ಡೊ ಲಾಕೆಟ್‌ಗೆ. ಆ ಆಟ ನಡೆಯಬೇಕಾದರೆ ಮುಂದೆ ನಿಂತ ಕೀರ್ಸ್ ತನ್ನೆದುರಿನವನನ್ನು ಹಿಂದಕ್ಕೆ ತಳ್ಳಿ, ಬಟ್ಲರ್ ಬರುವ ದಾರಿಗೆ ಅಡ್ಡ ಬರಬೇಕು. ಎದುರಿಗೆ ನಿಂತವನು ಬ್ರ್ಯಾಂಡನ್ ಬ್ರೌನರ್, ಆರಡಿ ನಾಲ್ಕಂಗುಲದ ಆಳು, ಹಿಂದಿನ ವರ್ಷದವರೆಗೂ ನಮ್ಮದೇ ತಂಡದಲ್ಲಿದ್ದವನು. ನಮ್ಮ ಆಟ ಅವನಿಗೆ ಗೊತ್ತಿತ್ತು. ಕೀರ್ಸ್ ಒಂದು ಹೆಜ್ಜೆಯೂ ಮುಂದೆ ಹೋಗಲಾಗಲಿಲ್ಲ, ಬಟ್ಲರ್‌ಗೆ ದಾರಿ ತೆರೆದೇ ಇತ್ತು. ಪೇಟ್ರಿಯಟ್ಸ್ ಇದೇ ಆಟವನ್ನು ಆ ವಾರದ ಅಭ್ಯಾಸದಲ್ಲಿ ಆಡಿಸಿ ನೋಡಿದ್ದರು. ಅಲ್ಲಿ ಬಟ್ಲರ್ ತಡವಾಗಿ ಬಂದು ಟಚ್‌ಡೌನ್ ಬಿಟ್ಟಿದ್ದ, ಬೈಸಿಕೊಂಡಿದ್ದ.

ಪಾಸಿನ ಆಯ್ಕೆ, ರಿಸೀವರ್ ಆಯ್ಕೆ, ಬ್ರೌನರ್ ಎದುರಿಗೆ ಅದನ್ನು ನಂಬಿದ್ದು, ಈ ಮೂರೂ ಬೆವೆಲ್ ಖಾತೆಗೆ ಬರೆಯಿರಿ. ಪಂದ್ಯ ಮುಗಿದ ಮೇಲೆ ಬೆವೆಲ್ ಅವರು, ಲಾಕೆಟ್ ಚೆಂಡಿನ ಕಡೆ ಇನ್ನಷ್ಟು ಗಟ್ಟಿಯಾಗಿ ಬರಬಹುದಿತ್ತು ಎಂಬರ್ಥದ ಮಾತು ಆಡಿ ಹೊಣೆಯನ್ನು ಆಟಗಾರನ ಕಡೆ ಜಾರಿಸಿದ್ದನ್ನೂ ಬರೆಯಿರಿ. ನನ್ನ ಮಟ್ಟಿಗೆ ಕರೆಗಿಂತ ಆ ಮಾತೇ ಹೆಚ್ಚು ಕೆಟ್ಟದ್ದು.

ಆದರೆ ಎರಡು ಟೈಮ್‌ಔಟ್ ಮೊದಲೇ ಖಾಲಿಯಾದದ್ದು, ಮೂವತ್ತು ಸೆಕೆಂಡು ಕರಗಲು ಬಿಟ್ಟದ್ದು, ಪಾಸ್ ಆಡೋಣ ಎಂಬ ತೀರ್ಮಾನ, ಇವು ನಮ್ಮ ಹೆಡ್ ಕೋಚ್ ಪೀಟ್ ಕ್ಯಾರಲ್ ಖಾತೆಗೆ ಹೋಗಬೇಕು. ಆ ತೀರ್ಮಾನ ತನ್ನದೆಂದು ಕ್ಯಾರಲ್ ಅಂದೇ ಒಪ್ಪಿಕೊಂಡರು, ನಾವು ಮಾತ್ರ ಒಪ್ಪಲಿಲ್ಲ. ಚೆಂಡನ್ನು ತುಸು ಮುಂದಕ್ಕೆ, ಬಟ್ಲರ್‌ಗೆ ನಿಲುಕುವಂತೆ ಎಸೆದದ್ದು ವಿಲ್ಸನ್. ಅದಕ್ಕೂ ಮೊದಲು 24-14 ಮುಂದಿದ್ದ ನಾವು ಕೊನೆಯ ಕ್ವಾರ್ಟರಿನಲ್ಲಿ ಅವರ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಗೆ ಎರಡು ಟಚ್‌ಡೌನ್ ಕೊಟ್ಟೆವು. ನಮ್ಮ ಡಿಫೆನ್ಸಿನ ಜೆರೆಮಿ ಲೇನ್ ಮೊದಲ ಕ್ವಾರ್ಟರಿನಲ್ಲೇ ಕೈ ಮುರಿದುಕೊಂಡಿದ್ದ, ಕ್ಲಿಫ್ ಏವ್ರಿಲ್ ತಲೆಗೆ ಪೆಟ್ಟಾಗಿ ಹೊರಗಿದ್ದ. ಇಂಟರ್‌ಸೆಪ್ಷನ್ ಆದ ಮೇಲೂ ಬ್ರೇಡಿ ತನ್ನದೇ 1 ಯಾರ್ಡ್ ಗೆರೆಯಿಂದ ಸ್ನ್ಯಾಪ್ ತೆಗೆದುಕೊಳ್ಳಬೇಕಿತ್ತು. ಅಲ್ಲಿ ಸಮಯ ಕರಗಿಸಲು ಮಂಡಿಯೂರಲು ಜಾಗವಿಲ್ಲ, ಹಿಂದೆ ಸರಿದರೆ ಸೇಫ್ಟಿ, ಅಂದರೆ ನಮಗೆ ಅಂಕ. ಆಗ ನಮ್ಮ ಮೈಕಲ್ ಬೆನೆಟ್ ಸ್ನ್ಯಾಪ್‌ಗೆ ಮೊದಲೇ ಗೆರೆ ದಾಟಿ ಅವರಿಗೆ ಐದು ಯಾರ್ಡ್ ಉಡುಗೊರೆ ಕೊಟ್ಟ. ಈ ಪೆನಾಲ್ಟಿಯನ್ನು ನೆನಪಿಟ್ಟವರು ನಿಮ್ಮಲ್ಲಿ ಎಷ್ಟು ಜನ?

ಇನ್ನೊಂದು ಸಂಗತಿ. ಅದೇ ಪಂದ್ಯದ ಮೊದಲರ್ಧ ಮುಗಿಯಲು 6 ಸೆಕೆಂಡು ಇದ್ದಾಗ ನಾವು 11 ಯಾರ್ಡ್ ಗೆರೆಯಲ್ಲಿದ್ದೆವು. ಸುಲಭದ ಫೀಲ್ಡ್ ಗೋಲ್ ಬಿಟ್ಟು ಪಾಸ್ ಕರೆದರು, ಮ್ಯಾಥ್ಯೂಸ್ ಹಿಡಿದ, 14-14 ಆಯಿತು. ಸಮಯ ಮುಗಿದುಹೋಗುವ ಅಪಾಯ ಅಲ್ಲಿ ಕೊನೆಯ ಆ ಪಾಸಿಗಿಂತ ಕಡಿಮೆಯೇನೂ ಇರಲಿಲ್ಲ. ಅದನ್ನು ಧೈರ್ಯ ಎಂದೆವು, ಇದನ್ನು ಮೂರ್ಖತನ ಎಂದೆವು. ಕರೆದವರು ಅವರೇ. ಫಲ ನೋಡಿ ಹೆಸರಿಡುವುದಾದರೆ ಕರೆಯ ಬಗ್ಗೆ ಚರ್ಚೆಯೇ ಬೇಕಿಲ್ಲ, ಸ್ಕೋರ್‌ಬೋರ್ಡ್ ಸಾಕು.

ಓಸಿಯ ಪಾಲು ನಿಜಕ್ಕೂ ದೊಡ್ಡದಾಗುವುದು ಎಂಥ ಕಡೆ ಎಂದು ತಿಳಿಯಬೇಕಾದರೆ ಎರಡು ವರ್ಷ ಮುಂದೆ ಬನ್ನಿ. 2017ರ ಫೆಬ್ರವರಿ 5, ಹ್ಯೂಸ್ಟನ್, ಮತ್ತೊಂದು ಸೂಪರ್ ಬೌಲ್. ಪೇಟ್ರಿಯಟ್ಸ್ ಎದುರು ಅಟ್ಲಾಂಟಾ ಫಾಲ್ಕನ್ಸ್ 28-3 ಮುಂದಿದ್ದು, ಹೆಚ್ಚುವರಿ ಸಮಯದಲ್ಲಿ 34-28 ಸೋತಿತು. ಆಟ ಕರೆಯುತ್ತಿದ್ದವರು ಆಗ ಫಾಲ್ಕನ್ಸ್ ಓಸಿಯಾಗಿದ್ದ ಕೈಲ್ ಶಾನಹನ್. ನಾಲ್ಕನೇ ಕ್ವಾರ್ಟರಿನಲ್ಲಿ 28-12 ಇದ್ದಾಗ, ಎಂಟು ನಿಮಿಷ ಚಿಲ್ಲರೆ ಉಳಿದಿತ್ತು, ಥರ್ಡ್ ಡೌನ್, ಬೇಕಿದ್ದದ್ದು 1 ಯಾರ್ಡ್. ಪಾಸ್ ಕರೆದರು. ಓಟಗಾರ ಡೆವಾಂಟಾ ಫ್ರೀಮನ್ ಎದುರಾಳಿಯನ್ನು ತಡೆಯದೇ ಹೋದ, ಹೈಟವರ್ ನುಗ್ಗಿ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯಾನ್ ಕೈಯಿಂದ ಚೆಂಡು ಬೀಳಿಸಿದ. ಪೇಟ್ರಿಯಟ್ಸ್ ಮುಂದಿನ ಸರದಿಯಲ್ಲಿ ಅದನ್ನು 28-20 ಮಾಡಿದರು. ಫಾಲ್ಕನ್ಸ್‌ನ ಹೂಲಿಯೋ ಜೋನ್ಸ್ ಗೆರೆಯಂಚಿನಲ್ಲಿ ಹಿಡಿದ ಆ ಕ್ಯಾಚಿನಿಂದ ಪೇಟ್ರಿಯಟ್ಸ್‌ನ 22 ಯಾರ್ಡ್ ಗೆರೆಗೆ ಬಂದರು, 4 ನಿಮಿಷ 40 ಸೆಕೆಂಡು ಇತ್ತು. ಮೂರು ಸಲ ಸುಮ್ಮನೆ ಓಡಿ, ಗಡಿಯಾರ ಕರಗಿಸಿ, ಸುಮಾರು 40 ಯಾರ್ಡಿನ ಫೀಲ್ಡ್ ಗೋಲ್ ಹೊಡೆದಿದ್ದರೆ 31-20, ಎದುರಾಳಿಗೆ ಎರಡು ಸರದಿ ಬೇಕಾಗುತ್ತಿತ್ತು. ಒಂದು ಸಲ ಓಡಿ ಒಂದು ಯಾರ್ಡ್ ಕಳೆದುಕೊಂಡರು. ಆಮೇಲೆ ಪಾಸ್ ಕರೆದರು, ಟ್ರೇ ಫ್ಲವರ್ಸ್ 12 ಯಾರ್ಡ್ ಹಿಂದೆ ರಯಾನ್‌ನನ್ನು ಕೆಡವಿದ. ಮತ್ತೆ ಪಾಸ್ ಕರೆದರು, ಎದುರಾಳಿಯನ್ನು ಹಿಡಿದೆಳೆದದ್ದಕ್ಕೆ ಹೋಲ್ಡಿಂಗ್ ಪೆನಾಲ್ಟಿ, ಇನ್ನೂ ಹತ್ತು ಯಾರ್ಡ್ ಹಿಂದೆ. ಫೀಲ್ಡ್ ಗೋಲ್ ಕೈತಪ್ಪಿತು, ಪಂಟ್ ಮಾಡಿದರು, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಟ್ಟರು.

ಇದು ಏಕೆ ಬೇರೆ? ಗ್ಲೆಂಡೇಲ್‌ನಲ್ಲಿ ಗಡಿಯಾರ ಪಾಸನ್ನು ಬೇಡುತ್ತಿತ್ತು, ಹ್ಯೂಸ್ಟನ್‌ನಲ್ಲಿ ಬೇಡ ಎನ್ನುತ್ತಿತ್ತು. ಅಲ್ಲಿ ಗೆಲ್ಲಲು ಟಚ್‌ಡೌನ್ ಬೇಕಿತ್ತು, ಇಲ್ಲಿ ಮೂರು ಅಂಕ ಕೈಯಲ್ಲೇ ಇತ್ತು. ಅಲ್ಲಿ ಒಂದು ಆಟ ಕೆಟ್ಟಿತು, ಇಲ್ಲಿ ಒಂದರ ಹಿಂದೊಂದು ಕೆಟ್ಟರೂ ಕರೆಯುವವರು ದಾರಿ ಬದಲಿಸಲಿಲ್ಲ. ಹೆಡ್ ಕೋಚ್ ಡ್ಯಾನ್ ಕ್ವಿನ್ ಹೆಡ್‌ಸೆಟ್ಟಿನಲ್ಲಿ ಕೇಳಿಸಿಕೊಂಡೂ ತಡೆಯಲಿಲ್ಲ ಎಂಬುದು ನಿಜ. ಪೇಟ್ರಿಯಟ್ಸ್‌ನ 93 ಆಟಗಳನ್ನು ತಡೆದು ತಡೆದು ಫಾಲ್ಕನ್ಸ್ ಡಿಫೆನ್ಸ್ ಉಸಿರು ಕಳೆದುಕೊಂಡಿತ್ತು ಎಂಬುದೂ ನಿಜ. ಅಷ್ಟೆಲ್ಲ ಕಳೆದ ಮೇಲೂ ದೊಡ್ಡ ಪಾಲು ಆಟ ಕರೆದವರದೇ. ಆದರೆ ಶಾನಹನ್ ಮರುದಿನವೇ ಸ್ಯಾನ್ ಫ್ರಾನ್ಸಿಸ್ಕೋದ ಹೆಡ್ ಕೋಚ್ ಆದರು. ಬೆವೆಲ್ ಅವರಿಗೆ ಸಿಕ್ಕಿದ್ದು ಡೆಟ್ರಾಯಿಟ್‌ನಲ್ಲಿ, ಜಾಕ್ಸನ್‌ವಿಲ್‌ನಲ್ಲಿ ಸೀಸನ್ ಹಾಳಾದ ಮೇಲೆ ಕೆಲವು ವಾರಗಳ ಹಂಗಾಮಿ ಹೆಡ್ ಕೋಚ್ ಹುದ್ದೆ ಮಾತ್ರ.

ಬೆವೆಲ್ ಅವರನ್ನು ಕೊನೆಗೆ ಕಳಿಸಿದ್ದು 2017ರ ಸೀಸನ್ನಿಗಾಗಿ. ಅದನ್ನಾದರೂ ಸರಿಯಾಗಿ ನೋಡಿದೆವೇ? ಆ ವರ್ಷ ನಮ್ಮ ರನ್ನಿಂಗ್ ಬ್ಯಾಕ್‌ಗಳೆಲ್ಲ ಸೇರಿ ಓಡಿ ಗಳಿಸಿದ ಟಚ್‌ಡೌನ್ ಒಂದೇ ಒಂದು. ತಂಡದಲ್ಲಿ ಅತಿ ಹೆಚ್ಚು ಯಾರ್ಡ್ ಓಡಿದವನು ಕ್ವಾರ್ಟರ್‌ಬ್ಯಾಕ್ ವಿಲ್ಸನ್, 586. ಅಫೆನ್ಸ್ ಗಳಿಸಿದ 38 ಟಚ್‌ಡೌನ್‌ಗಳಲ್ಲಿ 37 ಅವನ ಕೈಯಿಂದ ಅಥವಾ ಕಾಲಿನಿಂದ ಬಂದವು, 34 ಪಾಸ್ ಟಚ್‌ಡೌನ್‌ಗಳೊಂದಿಗೆ ಲೀಗಿನಲ್ಲೇ ಮೊದಲಿಗನಾದ. ಓಟ ಸತ್ತದ್ದು ಏಕೆ? 2015ರ ಸೂಪರ್ ಬೌಲ್ ಸೋತ ಮರುತಿಂಗಳೇ ಲೈನಿನ ನಡುವಿನ ಸೆಂಟರ್ ಮ್ಯಾಕ್ಸ್ ಅಂಗರ್ ಅವರನ್ನು ಕೊಟ್ಟು ಟೈಟ್ ಎಂಡ್ ಜಿಮ್ಮಿ ಗ್ರಹಾಂ ಅವರನ್ನು ತಂದರು. ಗಾರ್ಡ್ ಜೇಮ್ಸ್ ಕಾರ್ಪೆಂಟರ್ ಹೋದರು, ಮರುವರ್ಷ ಎಡ ಟ್ಯಾಕಲ್ ರಸೆಲ್ ಓಕುಂಗ್ ಹೋದರು. 2017ರಲ್ಲಿ ಆ ಜಾಗದಲ್ಲಿ ಆಡಬೇಕಿದ್ದ ಜಾರ್ಜ್ ಫ್ಯಾಂಟ್ ಸೀಸನ್ ಶುರುವಾಗುವ ಮೊದಲೇ ಮಂಡಿ ಕಳೆದುಕೊಂಡ, ಹೊಸ ಓಟಗಾರ ಕ್ರಿಸ್ ಕಾರ್ಸನ್ ನಾಲ್ಕನೇ ಪಂದ್ಯದಲ್ಲಿ ಕಾಲಿಗೆ ಪೆಟ್ಟಾಗಿ ಕೂತ. ಈ ಮಾರಾಟ, ಖರೀದಿಯಲ್ಲಿ ಓಸಿಯ ಸಹಿ ಇರುವುದಿಲ್ಲ. ಕಿಕ್ಕರ್ ಬ್ಲೇರ್ ವಾಲ್ಶ್ ವಾಷಿಂಗ್ಟನ್ ತಂಡದ ವಿರುದ್ಧ ಮೂರು ಫೀಲ್ಡ್ ಗೋಲ್ ಗುರಿ ತಪ್ಪಿ ಒದ್ದ, ಆ ಪಂದ್ಯ ಸೋತದ್ದು 17-14. ಸೀಸನ್ನಿನ ಕೊನೆಯ ಪಂದ್ಯದಲ್ಲಿ ಅರಿಝೋನಾ ವಿರುದ್ಧ ಗೆಲ್ಲಿಸಬೇಕಿದ್ದ 48 ಯಾರ್ಡಿನದು ತಪ್ಪಿತು, ಸೋಲು 26-24. ನಾವು ಮುಗಿಸಿದ್ದು 9-7, ಅಂದರೆ ಒಂಬತ್ತು ಗೆಲುವು, ಏಳು ಸೋಲು. ಇವೆರಡು ಗೆದ್ದಿದ್ದರೆ 11-5. ಅಂಥ ತಂಡದ ಓಸಿಯನ್ನು ಯಾರೂ ಕಳಿಸುವುದಿಲ್ಲ.

ಪಂದ್ಯದ ಮೊದಲರ್ಧದಲ್ಲಿ ಮಂದವಾಗಿರುವುದು, ಲೈನ್ ಬಿರುಕುಬಿಟ್ಟಿದೆ ಎಂದು ಗೊತ್ತಿದ್ದೂ ನಿಧಾನಕ್ಕೆ ಬಿಚ್ಚಿಕೊಳ್ಳುವ ಪಾಸುಗಳನ್ನೇ ಕರೆಯುತ್ತಾ ಹೋಗುವುದು, ಈ ಎರಡು ಆರೋಪ ಆ ವರ್ಷ ಬೆವೆಲ್ ಮೇಲೆ ನ್ಯಾಯವಾಗಿಯೇ ನಿಲ್ಲುತ್ತವೆ. ಇದ್ದ ಆಳುಗಳಿಗೆ ತಕ್ಕ ಆಟ ಕಟ್ಟುವುದೇ ಓಸಿಯ ಕೆಲಸ. ಈ ಮಾತನ್ನು ಆಗ ಎಷ್ಟು ಜನ ಎತ್ತಿದರು? ಎಲ್ಲರಿಗೂ ಬೇಕಿದ್ದದ್ದು ಆ 1 ಯಾರ್ಡಿನ ಹಳೆಯ ಸೇಡು.

ಆದ್ದರಿಂದ ನಿಮ್ಮಲ್ಲಿ ನನ್ನ ಮನವಿ ಇಷ್ಟು. ಆಟವೊಂದನ್ನು ಬಯ್ಯುವ ಮೊದಲು ಡೌನ್ ಯಾವುದು, ಎಷ್ಟು ಯಾರ್ಡ್ ಬೇಕಿತ್ತು, ಗಡಿಯಾರದಲ್ಲಿ ಎಷ್ಟಿತ್ತು, ಟೈಮ್‌ಔಟ್ ಎಷ್ಟಿತ್ತು, ಎದುರಿಗೆ ಎಷ್ಟು ಜನ ಮುಂದೆ ನಿಂತಿದ್ದರು, ಇಷ್ಟನ್ನು ಬರೆದುಕೊಳ್ಳಿ. ಟಿವಿಯ ಹತ್ತಿರದ ಚಿತ್ರದಲ್ಲಿ ಕಾಣುವುದು ಚೆಂಡು ಮಾತ್ರ. ಇಪ್ಪತ್ತೆರಡೂ ಆಟಗಾರರು ಕಾಣುವ ಮೇಲಿನ ಕ್ಯಾಮೆರಾದ ಚಿತ್ರಣ ಹಣ ಕೊಟ್ಟರೆ ಸಿಗುತ್ತದೆ. ಅದರಲ್ಲಿ ನೋಡಿದರೆ ಓಸಿ ಕರೆದ ಆಟದಲ್ಲಿ ಒಬ್ಬ ರಿಸೀವರ್ ಒಂಟಿಯಾಗಿ ನಿಂತಿದ್ದೂ ಕ್ವಾರ್ಟರ್‌ಬ್ಯಾಕ್ ನೋಡದೇ ಹೋದದ್ದು ಎಷ್ಟೋ ಸಲ ಕಾಣುತ್ತದೆ. ಒಂದು ಆಟವನ್ನು ಹಿಡಿದು ತೀರ್ಪು ಕೊಡಬೇಡಿ. ಒಂದೇ ತಪ್ಪು ಮತ್ತೆ ಮತ್ತೆ ಬರುತ್ತಿದೆಯೇ ಎಂದು ನಾಲ್ಕೈದು ಪಂದ್ಯ ನೋಡಿ, ಬರುತ್ತಿದ್ದರೆ ಆಗ ಬಿಡಬೇಡಿ. ಕೋಚ್‌ಗಳ ಹೆಂಡತಿ ಮಕ್ಕಳ ಫೋಟೋ ಕೆಳಗೆ ಹೋಗಿ ಬರೆಯುವುದನ್ನು ನಿಲ್ಲಿಸಿ, ಇದಕ್ಕೆ ವಿವರಣೆ ಬೇಡ.

ಇದನ್ನು ಓದಿ ಕೋಪ ಬಂದವರು ಖಂಡಿತ ಉತ್ತರ ಬರೆಯಿರಿ. ಒಂದೇ ಷರತ್ತು: ಸೆಕೆಂಡ್ ಡೌನ್‌ನಲ್ಲಿ ಲಿಂಚ್‌ಗೇ ಕೊಟ್ಟು, ಅವನು ಆ ಎಂಟು ಜನರ ನಡುವೆ ನಿಂತುಹೋಗಿದ್ದರೆ, ಕೊನೆಯ ಟೈಮ್‌ಔಟ್ ಮುಗಿದ ಮೇಲೆ ಥರ್ಡ್ ಡೌನ್‌ಗೆ ನೀವು ಯಾವ ಆಟ ಕರೆಯುತ್ತಿದ್ದಿರಿ, ಯಾರಿಗೆ, ಆಗ ಗಡಿಯಾರದಲ್ಲಿ ಎಷ್ಟು ಉಳಿದಿರುತ್ತಿತ್ತು ಎಂಬುದನ್ನು ಉತ್ತರದ ಮೊದಲ ಸಾಲಿನಲ್ಲೇ ಬರೆಯಬೇಕು.

ಇಂತಿ,
ನಿಮ್ಮ ಸಾಲಿನಲ್ಲೇ ಕೂತು ಕೂಗುವ ಒಬ್ಬ ಸೀಹಾಕ್ಸ್ ಅಭಿಮಾನಿ